ಓಲೆಗಟ್ಟಿನಿಂದ ಮಠಕ್ಕೆ: ತುಮಕೂರು ಸೀಮೆಯ ವಚನ ಸಂಪಾದನೆಯ ಪರಂಪರೆ

ತುಮಕೂರು ನಗರ, ಅದರ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿರುವ ಗುಬ್ಬಿ ಮತ್ತು ದಕ್ಷಿಣಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿರುವ ಕುಣಿಗಲ್ಲುಗಳ ನಡುವಿನ ನೆಲವು 15 ಮತ್ತು 16ನೆಯ ಶತಮಾನಗಳಲ್ಲಿ ಕನ್ನಡ ಸಾಹಿತ್ಯದ ಒಂದು ಅಪೂರ್ವ ಸಾಮೂಹಿಕ ಕಾರ್ಯಕ್ಕೆ ನೆಲೆಯಾಯಿತು. 12ನೆಯ ಶತಮಾನದ ಶರಣರ ವಚನಗಳನ್ನು ಹುಡುಕಿ ಕೂಡಿಸುವುದು, ಕೂಡಿಸಿದ್ದನ್ನು ಒಂದು ಕ್ರಮದಲ್ಲಿ ಜೋಡಿಸುವುದು, ಒಬ್ಬರು ಜೋಡಿಸಿದ್ದನ್ನು ಇನ್ನೊಬ್ಬರು ತೆರೆದು ಸೇರಿಸಿ, ಕಳೆದು, ತಿದ್ದಿ ಮುಂದಿನವರ ಕೈಗೆ ಒಪ್ಪಿಸುವುದು ಈ ಕಾರ್ಯದ ಸ್ವರೂಪ. ಇದರ ಶ್ರೇಷ್ಠ ಫಲವಾದ ಶೂನ್ಯಸಂಪಾದನೆಯು ನಾಲ್ವರು ಸಂಕಲನಕಾರರ ಕೈಯಲ್ಲಿ ನಾಲ್ಕು ರೂಪಗಳನ್ನು ಪಡೆಯಿತು. ನಾಲ್ಕನೆಯ ರೂಪವನ್ನು ಕೊಟ್ಟವರು ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಸಿಗುವ ಗೂಳೂರಿನ ಸಿದ್ಧವೀರಣ್ಣೊಡೆಯರು. ಪಠ್ಯದ ಸುತ್ತ ಕೂಡಿದ ವಿರಕ್ತರ ಬಳಗವೇ ಕ್ರಮೇಣ ಮಠಗಳ ಜಾಲವಾಗಿ, ಅನ್ನ ಮತ್ತು ಅಕ್ಷರಗಳ ದಾಸೋಹ ನಡೆಸುವ ಸಂಸ್ಥೆಗಳಾಗಿ ಬೆಳೆಯಿತು. ಈ ಎರಡು ಬೆಳವಣಿಗೆಗಳನ್ನು ಸಾಹಿತ್ಯಚರಿತ್ರೆಯೆಂದೂ ಮಠಗಳ ಚರಿತ್ರೆಯೆಂದೂ ಬೇರ್ಪಡಿಸಿ ಬರೆಯುವ ರೂಢಿಯಿದ್ದರೂ, ಈ ಸೀಮೆಯಲ್ಲಿ ಅವು ಒಂದೇ ಚರಿತ್ರೆಯ ಎರಡು ಮುಖಗಳಾಗಿವೆ.

ಈ ಕಾರ್ಯದ ಹಿನ್ನೆಲೆ ತುಮಕೂರಿನಿಂದ ದೂರದ ಕಲ್ಯಾಣದಲ್ಲಿದೆ. ಅಲ್ಲಿನ ದೊರೆ ಬಿಜ್ಜಳನ ಕಾಲದ ಕೊನೆಯಲ್ಲಿ ಕಲ್ಯಾಣದ ಶರಣಸಮೂಹ ಚದುರಿಹೋದಾಗ ವಚನಗಳೂ ಅವರೊಡನೆ ಚದುರಿದವು. ವಚನವೆಂಬುದು ಕಾವ್ಯದಂತೆ ಆಶ್ವಾಸ, ಸಂಧಿಗಳ ಚೌಕಟ್ಟಿನಲ್ಲಿ ಬರೆದದ್ದಲ್ಲ. ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿದ ಬಿಡಿ ನುಡಿಗಳಾದ್ದರಿಂದ ಅವುಗಳನ್ನು ಒಟ್ಟಾಗಿ ಹಿಡಿದಿಡುವ ಗ್ರಂಥರೂಪ ಮೊದಲಿಗೆ ಇರಲಿಲ್ಲ. ಪ್ರತಿ ವಚನದಲ್ಲಿ ಬರುವ ಅಂಕಿತ, ಅಂದರೆ ವಚನಕಾರರು ತಮ್ಮ ಇಷ್ಟದೈವದ ಹೆಸರಿನಲ್ಲಿ ಹಾಕುವ ಮುದ್ರೆ, ಒಂದೇ ಅವುಗಳ ಗುರುತು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ ಎಂದು ಓದುಗರು ತಿಳಿಯುತ್ತಿದ್ದರು. ಅಂಕಿತವು ವಚನದ ಒಡಲಲ್ಲೇ ಇದ್ದುದರಿಂದ ವಚನ ಯಾವ ಸಂಕಲನಕ್ಕೆ ಹೋದರೂ ಹೇಳಿದವರ ಹೆಸರು ಅಳಿಯುತ್ತಿರಲಿಲ್ಲ, ಆದರೆ ಅದನ್ನು ಎಲ್ಲಿ, ಯಾವುದರ ಪಕ್ಕದಲ್ಲಿ ಇಡಬೇಕೆಂಬ ವಿಷಯದಲ್ಲಿ ಸಂಕಲನಕಾರರಿಗೆ ಪೂರ್ಣ ಸ್ವಾತಂತ್ರ್ಯವಿತ್ತು. 15 ಮತ್ತು 16ನೆಯ ಶತಮಾನಗಳ ಸಂಪಾದನಕಾರ್ಯ ನಿಂತದ್ದು ಈ ವ್ಯವಸ್ಥೆಯ ಮೇಲೆ.

ಕೂಡಿಸುವ ಕಾರ್ಯ ಬಲ ಪಡೆದದ್ದು ವಿಜಯನಗರದ ಪ್ರೌಢದೇವರಾಯನ ಆಳ್ವಿಕೆಯಲ್ಲಿ, ಅಂದರೆ 1424ರಿಂದ 1446ರವರೆಗಿನ ಅವಧಿಯಲ್ಲಿ. ಆತನ ದಂಡನಾಯಕ ಲಕ್ಕಣ್ಣ ದಂಡೇಶನು ಶಿವತತ್ತ್ವಚಿಂತಾಮಣಿಯನ್ನು ರಚಿಸಿದನು. ಜಕ್ಕಣಾರ್ಯನು ವಚನಗಳನ್ನು ನೂರೊಂದು ಸ್ಥಲಗಳ ಅಡಿಯಲ್ಲಿ ಜೋಡಿಸಿದನು. ಚಾಮರಸನು ಅಲ್ಲಮನ ಚರಿತ್ರೆಯನ್ನು ಪ್ರಭುಲಿಂಗಲೀಲೆಯಾಗಿ ಹಾಡಿದನು. ಸ್ಥಲವೆಂದರೆ ಸಾಧಕನು ಏರಬೇಕಾದ ಆಧ್ಯಾತ್ಮಿಕ ನೆಲೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಮುಖ್ಯ ಸ್ಥಲಗಳನ್ನು ಷಟ್ಸ್ಥಲವೆಂದು ಕರೆಯಲಾಗುತ್ತದೆ. ವಚನಗಳನ್ನು ಈ ನೆಲೆಗಳಿಗೆ ತಕ್ಕಂತೆ ವಿಂಗಡಿಸಿದ ಸಂಕಲನಗಳಿಗೆ ಸ್ಥಲಕಟ್ಟಿನ ವಚನಗಳೆಂಬ ಹೆಸರು ಬಂತು. ಈ ಕಾಲದಲ್ಲಿ ನೂರೊಂದು ವಿರಕ್ತರು ಸಂಚರಿಸಿ ವಚನಗಳನ್ನು ರಕ್ಷಿಸಿದರೆಂದು ವೀರಶೈವ ಪರಂಪರೆ ಸ್ಮರಿಸುತ್ತದೆ. ವಿರಕ್ತರೆಂದರೆ ಸಂಸಾರವನ್ನು ತೊರೆದು ಒಂದೆಡೆ ನೆಲೆ ನಿಲ್ಲದೆ ಸಂಚರಿಸುವ ಜಂಗಮರು. ಈ ಗುಂಪಿನವರು ಗೋಸಲ ಸಿದ್ಧೇಶ್ವರರೊಡನೆ ತುಮಕೂರಿನ ಪಕ್ಕದ ಕ್ಯಾತಸಂದ್ರದ ಬೆಟ್ಟಕ್ಕೆ ಬಂದರೆಂದೂ, ಅಲ್ಲಿ ಬಾಯಾರಿದ ವಿರಕ್ತರಿಗಾಗಿ ಬಂಡೆಯಿಂದ ನೀರು ಚಿಮ್ಮಿ ಸಿದ್ಧಗಂಗೆ ಎನಿಸಿತೆಂದೂ ಸಿದ್ಧಗಂಗಾ ಮಠದ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವಾಗಿಯೇ ಓದಿದರೂ, ಮಠವು ತನ್ನ ಮೂಲವನ್ನು ವಚನಗಳನ್ನು ಹೊತ್ತು ತಿರುಗಿದ ಗುಂಪಿನೊಂದಿಗೆ ಜೋಡಿಸಿಕೊಳ್ಳುವುದು ಗಮನಿಸಬೇಕಾದ ಸಂಗತಿ.

ವಚನ ಸಂಪಾದನೆಯ ಕಾರ್ಯ ಎಂತಹುದೆಂದು ತಿಳಿಯಲು ಅದು ನಡೆದ ಸಾಮಗ್ರಿಯನ್ನು ನೋಡಬೇಕು. ಹದ ಮಾಡಿ ಒಂದೇ ಅಳತೆಗೆ ಕತ್ತರಿಸಿದ ತಾಳೆಗರಿಯ ಮೇಲೆ ಕಂಠವೆಂಬ ಉಕ್ಕಿನ ಮೊನೆಯ ಲೇಖನಿಯಿಂದ ಅಕ್ಷರಗಳನ್ನು ಕೊರೆದು, ಮೇಲೆ ಕಾಡಿಗೆಯ ಮಸಿ ಸವರಿ ಒರೆಸಿದಾಗ ಕೊರೆದ ಗೆರೆಗಳಲ್ಲಿ ಮಾತ್ರ ಮಸಿ ನಿಂತು ಬರಹ ಕಣ್ಣಿಗೆ ಕಾಣುತ್ತದೆ. ಗರಿಗಳಿಗೆ ತೂತು ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು ಬಿಗಿದರೆ ಅದು ಓಲೆಗಟ್ಟು. ಕಂಠದ ಒತ್ತಡ ಸ್ವಲ್ಪ ಹೆಚ್ಚಾದರೂ ಗರಿ ಸೀಳುತ್ತದೆ. ಹಳೆಯದಾದಾಗ ಅಂಚು ಮುರಿದು ಸಾಲಿನ ಕೊನೆಯ ಅಕ್ಷರಗಳು ಹೋಗುತ್ತವೆ. ಹುಳು ಕೊರೆದ ಕಡೆ ಪದವೇ ಇಲ್ಲವಾಗುತ್ತದೆ. ಆದ್ದರಿಂದ ಪ್ರತಿ ಕೆಲವು ತಲೆಮಾರಿಗೊಮ್ಮೆ ಇಡೀ ಗ್ರಂಥವನ್ನು ಮತ್ತೆ ಪ್ರತಿ ಮಾಡಲೇಬೇಕಿತ್ತು, ಹಾಗೆ ಮಾಡುವ ಲಿಪಿಕಾರನು ಅಳಿದ ಕಡೆ ಏನಿತ್ತೆಂದು ನಿರ್ಧರಿಸಲೇಬೇಕಿತ್ತು. ಕನ್ನಡದ ಅನೇಕ ಓಲೆಪ್ರತಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮಿಂದ ತಪ್ಪಾಗಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದು ಕೋರಿರುವುದುಂಟು. ಇದು ಬರಿಯ ವಿನಯದ ಮಾತಲ್ಲ. ಪ್ರತಿ ಎಂದೂ ಪೂರ್ಣವಲ್ಲ, ಅದನ್ನು ಸರಿಪಡಿಸುವ ಹೊಣೆ ಓದುವವರದೂ ಹೌದು ಎಂಬ ತಿಳಿವಳಿಕೆ ಈ ಕೋರಿಕೆಯಲ್ಲಿದೆ. ಊರ ಕೆರೆಯ ಹೂಳನ್ನು ಆ ಕೆರೆಯ ನೀರುಣ್ಣುವವರೇ ಎತ್ತುವ ಪದ್ಧತಿಯಂತೆ, ಪಠ್ಯವನ್ನು ಬಳಸುವವರೇ ಅದನ್ನು ಕಾಪಾಡುತ್ತಿದ್ದರು.

ಇಂತಹ ಪರಿಸರದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು 15ನೆಯ ಶತಮಾನದ ಪೂರ್ವಾರ್ಧದಲ್ಲಿ ಮೊದಲ ಶೂನ್ಯಸಂಪಾದನೆಯನ್ನು ರೂಪಿಸಿದರು. ವಚನಗಳನ್ನು ಸ್ಥಲಗಳ ಪ್ರಕಾರ ವಿಂಗಡಿಸುವ ಬದಲು, ಅಲ್ಲಮಪ್ರಭುವಿನ ಸಂಚಾರವನ್ನು ಸೂತ್ರವಾಗಿ ಹಿಡಿದು, ಆತನಿಗೂ ಇತರ ಶರಣರಿಗೂ ನಡೆದ ಸಂವಾದಗಳ ರೂಪದಲ್ಲಿ ಅವರು ವಚನಗಳನ್ನು ಜೋಡಿಸಿದರು. ಸಾವಿರಕ್ಕೂ ಹೆಚ್ಚು ವಚನಗಳಿರುವ ಈ ಕೃತಿಯಲ್ಲಿ ಸಂಕಲನಕಾರರದೇ ಆದ ಮಾತು ಬಹಳ ಕಡಿಮೆ: ಒಂದು ವಚನ ಮುಗಿದ ಮೇಲೆ ಅದಕ್ಕೆ ಎದುರಿನವರು ಏನೆಂದರು ಎಂಬುದನ್ನು ಸೂಚಿಸುವ ಒಂದೆರಡು ಸಾಲಿನ ಗದ್ಯ, ಆ ಬಳಿಕ ಉತ್ತರವಾಗಿ ಮತ್ತೊಂದು ವಚನ. ಸಂಕಲನಕಾರರ ಪ್ರತಿಭೆಯೆಲ್ಲ ಯಾವ ವಚನದ ಎದುರಿಗೆ ಯಾವುದನ್ನು ಇಡಬೇಕೆಂಬ ಆಯ್ಕೆಯಲ್ಲಿ ಅಡಗಿದೆ. ಈ ವಿಧಾನದ ಬಲ ಹೇಗಿದೆಯೆಂಬುದಕ್ಕೆ ಗೂಳೂರಿನ ಆವೃತ್ತಿಯ ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ನೋಡಬಹುದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಕಾಯಕ ಮಾರಯ್ಯನದು; ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಆಸೆಯೆಂದು ಕಂಡು, ಹೆಚ್ಚಿನದನ್ನು ತಂದಲ್ಲೇ ಸುರಿದು ಬರುವಂತೆ ಹೇಳುತ್ತಾಳೆ. ಗಂಡ ಹೆಂಡಿರ ವಚನಗಳನ್ನು ಬೇರೆ ಬೇರೆಯಾಗಿ ಓದಿದರೆ ಅವು ಕಾಯಕದ ಬಗೆಗಿನ ಎರಡು ನಿಲುವುಗಳು. ಸಂಕಲನದಲ್ಲಿ ಅಕ್ಕಪಕ್ಕ ಕುಳಿತಾಗ ಅವು ಒಂದು ಮನೆಯೊಳಗಿನ ವಾದವಾಗಿ, ಹೆಂಡತಿಯೇ ಗುರುವಿನ ಸ್ಥಾನಕ್ಕೇರುವ ದೃಶ್ಯವಾಗಿ ಜೀವ ತಳೆಯುತ್ತವೆ. ಬಿಡಿ ನುಡಿಗಳಿಂದ ಇಂತಹ ನಾಟಕೀಯತೆಯನ್ನು ಹೊರಡಿಸಿದ ಕೃತಿ ಕನ್ನಡದಲ್ಲಿ ಮತ್ತೊಂದಿಲ್ಲ.

ಈ ಪಠ್ಯ ತುಮಕೂರು ಸೀಮೆಗೆ ಬಂದು ನೆಲೆಗೊಳ್ಳಲು ಕಾರಣರಾದವರು ತೋಂಟದ ಸಿದ್ಧಲಿಂಗರು. ಚಾಮರಾಜನಗರದ ಬಳಿಯ ಹರದನಹಳ್ಳಿಯಲ್ಲಿ ಗೋಸಲ ಚನ್ನಬಸವೇಶ್ವರರ ಶಿಷ್ಯರಾಗಿ ಬೆಳೆದ ಅವರು ದೇಶಸಂಚಾರ ಮಾಡುತ್ತ ಕುಣಿಗಲ್ ಸೀಮೆಯ ಕಗ್ಗೆರೆಗೆ ಬಂದು, ನಾಗಿನಿ ನದಿಯ ದಡದ ತೋಟವೊಂದರಲ್ಲಿ ತಪಸ್ಸಿಗೆ ಕುಳಿತರು. ತೋಂಟದ ಎಂಬ ವಿಶೇಷಣ ಅವರ ಹೆಸರಿಗೆ ಸೇರಿದ್ದು ಅಲ್ಲಿಂದ. ಅವರ ಸುತ್ತ ಹುತ್ತ ಬೆಳೆದದ್ದನ್ನೂ, ಹಸುವೊಂದು ಅದರ ಮೇಲೆ ಹಾಲು ಸುರಿಸಿದ್ದರಿಂದ ಜನರಿಗೆ ಅವರ ಇರವು ತಿಳಿದದ್ದನ್ನೂ ಕಗ್ಗೆರೆಯ ಐತಿಹ್ಯ ಹೇಳುತ್ತದೆ. ಕೊನೆಗೆ ಅವರು ಎಡೆಯೂರಿನಲ್ಲಿ ಸಮಾಧಿಸ್ಥರಾದರು. ಅವರ ಬದುಕಿನ ಕಾಲವನ್ನು ವಿದ್ವಾಂಸರು 15ನೆಯ ಶತಮಾನದ ಉತ್ತರಾರ್ಧದಿಂದ 16ನೆಯ ಶತಮಾನದ ಪೂರ್ವಾರ್ಧದವರೆಗಿನ ಅವಧಿಯಲ್ಲಿ ಗುರುತಿಸುತ್ತಾರೆ. ಶರಣರ ಕಾಲದ ನಂತರ ಬಹುಮಟ್ಟಿಗೆ ನಿಂತುಹೋಗಿದ್ದ ವಚನರಚನೆಯನ್ನು ಅವರು ಮತ್ತೆ ಹಿಡಿದು 701 ವಚನಗಳನ್ನು ರಚಿಸಿದರು. ಈ ವಚನಗಳ ಸಂಗ್ರಹ ಷಟ್ಸ್ಥಲಜ್ಞಾನಸಾರಾಮೃತವೆಂದು ಹೆಸರಾಗಿದೆ. ಅವರೊಡನೆ 701 ವಿರಕ್ತರಿದ್ದರೆಂಬ ಪರಂಪರೆಯ ಎಣಿಕೆಯೂ ವಚನಗಳ ಈ ಸಂಖ್ಯೆಗೆ ಹೊಂದುತ್ತದೆ. ಅವರ ಶಿಷ್ಯರಲ್ಲಿ ಘನಲಿಂಗಿದೇವ, ಸ್ವತಂತ್ರಸಿದ್ಧಲಿಂಗೇಶ್ವರ ಮೊದಲಾದವರು ಸ್ವತಃ ವಚನಗಳನ್ನು ಬರೆದರು. ವಿರಕ್ತ ತೋಂಟದಾರ್ಯರು ಗುರುವಿನ ಚರಿತ್ರೆಯನ್ನು ಸಿದ್ಧೇಶ್ವರಪುರಾಣವಾಗಿ ನಿರೂಪಿಸಿದರು. ಹೀಗೆ ಕುಣಿಗಲ್ ಸೀಮೆಯಲ್ಲಿ ಹಳೆಯ ವಚನಗಳ ಸಂಪಾದನೆ, ಹೊಸ ವಚನಗಳ ರಚನೆ, ಟೀಕು ಮತ್ತು ವ್ಯಾಖ್ಯಾನಗಳು ಒಂದೇ ಬಳಗದ ಕೆಲಸಗಳಾದವು.

ಮಹಾದೇವಯ್ಯನವರ ಕೃತಿಯನ್ನು ಮೊದಲು ಪರಿಷ್ಕರಿಸಿದವರು ಹಲಗೆಯಾರ್ಯರು, ಅವರ ಬಳಿಕ ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಕೊನೆಯದಾಗಿ ಗೂಳೂರು ಸಿದ್ಧವೀರಣ್ಣೊಡೆಯರು. ಗುಮ್ಮಳಾಪುರವು ಇಂದು ತಮಿಳುನಾಡಿನ ಹೊಸೂರು ಸೀಮೆಯಲ್ಲಿದೆ; ರಾಜ್ಯಗಳ ಗಡಿ ಬದಲಾದರೂ ಆ ಭಾಗದಲ್ಲಿ ಕನ್ನಡದ ಬಾಳು ಮುಂದುವರಿದಿದೆ. ಗೂಳೂರಿನ ಆವೃತ್ತಿಯಲ್ಲಿ ವಚನಗಳ ಸಂಖ್ಯೆ 1,500ನ್ನು ದಾಟುತ್ತದೆ. ಅಂದರೆ ಮೂಲದ ಗಾತ್ರ ಮೂರು ಪರಿಷ್ಕರಣಗಳಲ್ಲಿ ಸುಮಾರು ಒಂದೂವರೆ ಪಟ್ಟಾಯಿತು. ಆದರೆ ಬದಲಾವಣೆಯನ್ನು ಸಂಖ್ಯೆಯಿಂದ ಮಾತ್ರ ಅಳೆಯಲಾಗದು. ಸೇರಿಸಿದ ಪ್ರಸಂಗಗಳಲ್ಲಿ, ಅವುಗಳ ಹಿಂದಿನ ಉದ್ದೇಶದಲ್ಲಿ ಒಂದು ಸಮುದಾಯ ತನ್ನನ್ನು ತಾನು ಹೇಗೆ ನೋಡಿಕೊಳ್ಳತೊಡಗಿತೆಂಬುದು ಕಾಣುತ್ತದೆ.

ಇದಕ್ಕೆ ಸ್ಪಷ್ಟವಾದ ಸಾಕ್ಷ್ಯ ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗದಲ್ಲಿದೆ. ಸಿದ್ಧರಾಮನು ಇಂದಿನ ಸೊಲ್ಲಾಪುರವಾದ ಸೊನ್ನಲಿಗೆಯಲ್ಲಿ ಕೆರೆ, ಗುಡಿಗಳನ್ನು ಕಟ್ಟಿಸುತ್ತಿದ್ದ ಕರ್ಮಯೋಗಿ. ಅಲ್ಲಿಗೆ ಬಂದ ಅಲ್ಲಮನು ಆತನನ್ನು ಒಡ್ಡನೆಂದು ಹಂಗಿಸಿ ಮಾತನಾಡಿದಾಗ ಕೆರೆಯ ಕೆಲಸಗಾರರು ಸಿಟ್ಟಿಗೆದ್ದು ಅಲ್ಲಮನ ಮೇಲೆ ಕಲ್ಲೆಸೆಯುತ್ತಾರೆ. ಎಸೆದ ಕಲ್ಲುಗಳು ಆತನನ್ನು ಮುಟ್ಟದೆ ಸುತ್ತ ರಾಶಿಯಾಗಿ ಬೀಳುತ್ತವೆ. ಸಿದ್ಧರಾಮನೇ ಬಂದು ವಾದಕ್ಕಿಳಿದು, ಹೊರಗಿನ ಕಟ್ಟಡಕ್ಕಿಂತ ಒಳಗಿನ ಅರಿವು ಹಿರಿದೆಂಬುದನ್ನು ಒಪ್ಪಿ, ಅಲ್ಲಮನೊಡನೆ ಕಲ್ಯಾಣಕ್ಕೆ ಹೋಗುತ್ತಾನೆ. ಇಲ್ಲಿಯವರೆಗೆ ಕಥೆಯ ಎಳೆ ಎಲ್ಲ ಆವೃತ್ತಿಗಳಿಗೂ ಸಾಮಾನ್ಯ. ಭಿನ್ನತೆ ತಲೆದೋರುವುದು ಕಲ್ಯಾಣಕ್ಕೆ ಹೋದ ಮೇಲೆ. ಮಹಾದೇವಯ್ಯನವರ ಪಠ್ಯದಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದ ದೀಕ್ಷೆಯಾದ ಪ್ರಸಂಗವಿಲ್ಲ. ಆತನ ಅರಿವೇ ಸಾಕೆಂಬಂತೆ ಪಠ್ಯ ಮುಂದೆ ಸಾಗುತ್ತದೆ. ಇಷ್ಟಲಿಂಗವೆಂದರೆ ಗುರುವು ಶಿಷ್ಯನ ಕೈಗೆ ಕೊಡುವ, ಮೈಮೇಲೆ ಸದಾ ಧರಿಸಬೇಕಾದ ಲಿಂಗ. ಲಿಂಗವನ್ನು ಧರಿಸದವನು ಶರಣನೆನಿಸಬಹುದೇ ಎಂಬ ಪ್ರಶ್ನೆ ನಂತರದ ವಿರಕ್ತರನ್ನು ಬಲವಾಗಿ ಕಾಡಿತು; ಅವರ ಆವೃತ್ತಿಗಳಲ್ಲಿ ಕಲ್ಯಾಣದ ಶರಣ ಚನ್ನಬಸವಣ್ಣನಿಂದ ಸಿದ್ಧರಾಮನಿಗೆ ದೀಕ್ಷೆ ಕೊಡಿಸುವ ಪ್ರಸಂಗ ಸೇರಿ, ಅದರ ಸುತ್ತ ವಾದ ವಿವಾದದ ವಚನಗಳು ಹೆಣೆದುಕೊಂಡವು.

ಈ ಸೇರ್ಪಡೆಯನ್ನು ಮೂಲದ ವಿಕೃತಿಯೆಂದು ಕಡೆಗಣಿಸುವುದು ಸುಲಭ, ಆದರೆ ಅದು ಚರಿತ್ರೆಗೆ ನ್ಯಾಯ ಒದಗಿಸುವ ಓದಾಗದು. 15ನೆಯ ಶತಮಾನದ ಆರಂಭದಲ್ಲಿ ಸಂಚಾರಿಗಳ ಸಣ್ಣ ಗುಂಪಾಗಿದ್ದ ವಿರಕ್ತರು 16ನೆಯ ಶತಮಾನದ ಹೊತ್ತಿಗೆ ಶಿಷ್ಯರನ್ನು ಸೇರಿಸಿಕೊಳ್ಳುವ, ದೀಕ್ಷೆ ಕೊಡುವ, ಊರೂರಿನಲ್ಲಿ ನೆಲೆಯೂರುವ ಸಮುದಾಯವಾಗಿದ್ದರು. ಅಂತಹ ಸಮುದಾಯಕ್ಕೆ ಒಳಗಿನವರು ಯಾರು, ಪ್ರವೇಶದ ಕ್ರಮ ಯಾವುದು ಎಂಬ ನಿಯಮ ಬೇಕಾಗುತ್ತದೆ. ಆ ನಿಯಮವನ್ನು ಅದು ತನ್ನ ಆಧಾರಗ್ರಂಥದಲ್ಲಿಯೇ ಕಾಣಲು ಬಯಸುತ್ತದೆ. ಪಠ್ಯ ಸಮುದಾಯವನ್ನು ಕಟ್ಟಿತು, ಕಟ್ಟಿಕೊಂಡ ಸಮುದಾಯ ಹಿಂದಿರುಗಿ ಪಠ್ಯವನ್ನು ತಿದ್ದಿತು. ಈ ತಿದ್ದುಪಡಿಯಲ್ಲಿ ನಷ್ಟವೂ ಇದೆಯೆಂಬುದನ್ನು ಮರೆಮಾಚಬೇಕಿಲ್ಲ. ಅಲ್ಲಮನ ವಚನಗಳಲ್ಲಿ ಎಲ್ಲ ಹೊರ ಕುರುಹುಗಳನ್ನೂ ಪ್ರಶ್ನಿಸುವ ಒಂದು ಧೀರ ನಿಲುವಿದೆ. ಆ ನಿಲುವಿಗೆ ಮಹಾದೇವಯ್ಯನವರ ಮೌನ ಗೂಳೂರಿನ ವಿವರಣೆಗಿಂತ ಹತ್ತಿರವಾಗಿದೆ. ಆದರೂ ಈ ಪರಂಪರೆಯ ಹಿರಿಮೆಯೊಂದು ಎದ್ದು ಕಾಣುತ್ತದೆ: ಹೊಸ ಆವೃತ್ತಿ ಬಂದಾಗ ಹಳೆಯದನ್ನು ನಾಶ ಮಾಡಲಿಲ್ಲ. ನಾಲ್ಕೂ ಪಠ್ಯಗಳು ಬೇರೆ ಬೇರೆ ಓಲೆಗಟ್ಟುಗಳಲ್ಲಿ ಪ್ರತಿಯಾಗುತ್ತ ಉಳಿದುದರಿಂದಲೇ ಯಾರು ಎಲ್ಲಿ ಏನನ್ನು ಸೇರಿಸಿದರೆಂದು ಇಂದು ಹೇಳಲು ಸಾಧ್ಯವಾಗಿದೆ. ಭಿನ್ನಾಭಿಪ್ರಾಯವನ್ನು ಇಷ್ಟು ಪ್ರಾಮಾಣಿಕವಾಗಿ ಕಾಪಾಡಿದ ಧಾರ್ಮಿಕ ಪರಂಪರೆಗಳು ವಿರಳ.

ಗುಬ್ಬಿಯ ಕೊಡುಗೆ ಬೇರೊಂದು ಬಗೆಯದು. ಗುಬ್ಬಿಯ ಮಲ್ಲಣ್ಣನು ಗಣಭಾಷ್ಯರತ್ನಮಾಲೆಯನ್ನು ರಚಿಸಿದನು; ಅದೇ ಮನೆತನದ ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ಭಾವಚಿಂತಾರತ್ನವನ್ನೂ 1530ರಲ್ಲಿ ವೀರಶೈವಾಮೃತಪುರಾಣವನ್ನೂ ಬರೆದನು. ಮಲ್ಲಣಾರ್ಯನ ಈ ಎರಡು ಕೃತಿಗಳು ಸಂಕಲನಗಳಲ್ಲ, ಒಬ್ಬ ಕವಿಯ ಹೆಸರು ಹೊತ್ತ ಕಾವ್ಯಗಳು. ಆದರೂ ಶಿವಭಕ್ತರ ಕಥೆಗಳನ್ನು ಷಟ್ಪದಿಯಲ್ಲಿ ಹಾಡಿ ಓದುಗರಿಗೂ ಕೇಳುಗರಿಗೂ ತಲುಪಿಸುವ ಕಾರ್ಯವನ್ನು ಅವು ಮಾಡಿದವು. ತೋಂಟದ ಸಿದ್ಧಲಿಂಗರ ಗುರುಗಳಾದ ಗೋಸಲ ಚನ್ನಬಸವೇಶ್ವರರು ಗುಬ್ಬಿಯ ಆರಾಧ್ಯದೈವ. 1884ರಲ್ಲಿ ಊರಿನ ಹವ್ಯಾಸಿಗಳು ಕೂಡಿ ಹುಟ್ಟುಹಾಕಿದ, ಮುಂದೆ ಗುಬ್ಬಿ ವೀರಣ್ಣನವರ ಮುಂದಾಳತ್ವದಲ್ಲಿ ನಾಡಿನ ಹೆಸರಾಂತ ವೃತ್ತಿನಾಟಕ ಕಂಪನಿಯಾದ ನಾಟಕಸಂಘವು ಚನ್ನಬಸವೇಶ್ವರರ ಹೆಸರನ್ನೇ ಇಟ್ಟುಕೊಂಡಿತ್ತು.

ವಿರಕ್ತರ ಬಳಗ ಮಠಗಳಾಗಿ ಮಾರ್ಪಟ್ಟ ಪ್ರಕ್ರಿಯೆ 16ನೆಯ ಶತಮಾನದ ನಂತರ ವೇಗ ಪಡೆಯಿತು. ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆ ಮುರುಘಾ, ಕುಮಾರ, ಚಿಲ್ಲಾಳ, ಕೆಂಪಿನ, ಸಂಪಾದನೆ ಮೊದಲಾದ ಸಮಯಗಳಾಗಿ ಕವಲೊಡೆಯಿತು. ಸಮಯವೆಂದರೆ ಒಬ್ಬ ಗುರುವಿನಿಂದ ಹೊರಟ, ತನ್ನದೇ ಆಚಾರಕ್ರಮವನ್ನು ಹೊಂದಿದ ಮಠಗಳ ಗುಂಪು. ಮುರುಘಾ ಸಮಯ ಚಿತ್ರದುರ್ಗದಲ್ಲಿ ಬಲವಾಗಿ ನೆಲೆಯೂರಿತು; ಸಿದ್ಧಲಿಂಗರನ್ನೇ ಮೂಲಗುರುವೆಂದು ಸ್ಮರಿಸುವ ಗದಗಿನ ತೋಂಟದಾರ್ಯ ಮಠವು ಉತ್ತರ ಕರ್ನಾಟಕದಲ್ಲಿ ಈ ಪರಂಪರೆಯನ್ನು ಬೆಳೆಸಿ, 20ನೆಯ ಶತಮಾನದಲ್ಲಿ ಅಧ್ಯಯನ ಸಂಸ್ಥೆಯೊಂದನ್ನು ಸ್ಥಾಪಿಸಿ ವಚನಸಾಹಿತ್ಯದ ಕುರಿತ ನೂರಾರು ಗ್ರಂಥಗಳನ್ನು ಪ್ರಕಟಿಸಿತು. ಎಡೆಯೂರಿನ ಸಮಾಧಿ ದೊಡ್ಡ ಯಾತ್ರಾಸ್ಥಳವಾಯಿತು. ಬೆಂಗಳೂರು ಮಂಗಳೂರು ಹೆದ್ದಾರಿಯಲ್ಲಿ ಸಾಗುವವರು ಅಲ್ಲಿ ಇಳಿದು ಸಿದ್ಧಲಿಂಗೇಶ್ವರನ ದರ್ಶನ ಮಾಡಿ ದಾಸೋಹದ ಊಟ ಉಂಡು ಹೋಗುವುದು ಇಂದಿಗೂ ವಾಡಿಕೆ. ಈ ನಡುವೆ ಓಲೆಗಟ್ಟುಗಳು ಪೂಜೆಯ ವಸ್ತುಗಳಾಗಿ ಬಟ್ಟೆಯಲ್ಲಿ ಸುತ್ತಿಕೊಂಡವು. ಮಠ ಅವುಗಳನ್ನು ಹುಳು, ತೇವ, ಬೆಂಕಿಗಳಿಂದ ಉಳಿಸಿತು. ಆದರೆ ತಿದ್ದಿ ಓದಿಕೊಳ್ಳಿ ಎಂದು ಓದುಗರನ್ನು ಕರೆದ ಹಳೆಯ ರೂಢಿ ಕ್ಷೀಣಿಸಿ, ಗೂಳೂರಿನ ಪರಿಷ್ಕರಣದ ನಂತರ ಐದನೆಯ ಶೂನ್ಯಸಂಪಾದನೆ ಹುಟ್ಟಲಿಲ್ಲ.

ತಿದ್ದುವ ಚಟುವಟಿಕೆ ಪಠ್ಯದಲ್ಲಿ ನಿಂತರೂ, ಅದೇ ಪರಂಪರೆಯ ಶಕ್ತಿ ಬೇರೊಂದು ಕಡೆಗೆ ಹರಿಯಿತೆಂಬುದಕ್ಕೆ ಸಿದ್ಧಗಂಗೆಯೇ ಸಾಕ್ಷಿ. ಮಠಾಧಿಪತಿ ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಅಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಓದಲು ಬಂದ ಹುಡುಗರಿಗೆ ಮಠದಲ್ಲಿಯೇ ಊಟ ವಸತಿಗಳ ವ್ಯವಸ್ಥೆ ನಡೆಯಿತು. 1930ರಲ್ಲಿ ಸನ್ಯಾಸ ಸ್ವೀಕರಿಸಿ 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಈ ಕಾರ್ಯವನ್ನು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ವಿಸ್ತರಿಸುತ್ತ ಹೋದರು. ಬರಗಾಲದ ವರ್ಷಗಳಲ್ಲಿಯೂ ದಾಸೋಹದ ಒಲೆ ಆರದಂತೆ ನೋಡಿಕೊಳ್ಳಲು ಸುತ್ತಲಿನ ಹಳ್ಳಿಗಳ ರೈತರಿಂದ ರಾಗಿ, ಅವರೆ, ಸೌದೆಗಳನ್ನು ಭಿಕ್ಷೆಯಾಗಿ ತರುವ ಪದ್ಧತಿ ಅಲ್ಲಿತ್ತು. ಕೊಟ್ಟವನ ಮಗನೂ ಕೊಡಲು ಏನೂ ಇಲ್ಲದವನ ಮಗನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಜಾತಿಯ ಭೇದವಿಲ್ಲದೆ ಸಾವಿರಾರು ಮಕ್ಕಳು ಅಲ್ಲಿ ಉಚಿತವಾಗಿ ಓದುತ್ತಿದ್ದಾರೆ. 1963ರಲ್ಲಿ ಸ್ಥಾಪಿತವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವೂ ಸೇರಿದಂತೆ ಅನೇಕ ಶಾಲಾಕಾಲೇಜುಗಳನ್ನು ಮಠದ ಶಿಕ್ಷಣ ಸಂಸ್ಥೆ ನಡೆಸುತ್ತಿದೆ. ಶೂನ್ಯಸಂಪಾದನೆಯಲ್ಲಿ ಮಾರಯ್ಯನು ಅಂಗಳದಲ್ಲಿ ಆಯ್ದ ಅಕ್ಕಿಯಾಗಿದ್ದ ದಾಸೋಹದ ತತ್ತ್ವ ಇಲ್ಲಿ ಹಾಸ್ಟೆಲಿನ ದೊಡ್ಡ ಕೊಪ್ಪರಿಗೆಗಳ ರೂಪ ತಾಳಿತು.

ಪಠ್ಯವನ್ನು ಮತ್ತೆ ಎಲ್ಲರ ಮುಂದೆ ತೆರೆದಿಟ್ಟದ್ದು ಮುದ್ರಣ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆ ಮಠಗಳಿಗೆ ಅಲೆದು ಓಲೆಪ್ರತಿಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಗೂಳೂರು ಆವೃತ್ತಿಯನ್ನು ಸಂ.ಶಿ. ಭೂಸನೂರಮಠರು 1958ರಲ್ಲಿ ಸಂಪಾದಿಸಿ ಕೊಟ್ಟರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರ ಅವಧಿಯಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಐದು ಸಂಪುಟಗಳಲ್ಲಿ ಹೊರತಂದಿತು. ಎಲ್. ಬಸವರಾಜು ಅವರು ಮಹಾದೇವಯ್ಯನವರ ಮೊದಲ ಪಠ್ಯವನ್ನು ಸಂಪಾದಿಸಿದಾಗ ಹಿಂದಿನ ಮತ್ತು ಮುಂದಿನ ರೂಪಗಳನ್ನು ಹೋಲಿಸಿ ನೋಡುವ ಅವಕಾಶ ಸಾಮಾನ್ಯ ಓದುಗರಿಗೂ ದೊರೆಯಿತು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ವಚನಗಳನ್ನು ಸಮಗ್ರವಾಗಿ 15 ಸಂಪುಟಗಳಲ್ಲಿ ಪ್ರಕಟಿಸಿತು. ಈ ಸಂಪುಟಗಳು ವಚನಗಳನ್ನು ವಚನಕಾರರ ಪ್ರಕಾರ ಜೋಡಿಸಿದವು; ಹಾಗಾಗಿ ಪ್ರತಿಯೊಬ್ಬ ಶರಣ ಶರಣೆಯರ ವಚನಗಳು ಒಂದೆಡೆ ದೊರೆತವು, ಸಂಪಾದನೆಯ ಸಂವಾದಗಳು ಮಾತ್ರ ಅಲ್ಲಿ ಬಿಡಿಯಾದವು.

ಈ ಸಂಪುಟಗಳ ವಚನರಾಶಿಯೇ 21ನೆಯ ಶತಮಾನದಲ್ಲಿ ವಚನ ಸಂಚಯವೆಂಬ ಡಿಜಿಟಲ್ ಯೋಜನೆಗೆ ಆಧಾರವಾಯಿತು. ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರ ಸಣ್ಣ ತಂಡ, ವಿಮರ್ಶಕ ಓ.ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ, ಮುಕ್ತ ತಂತ್ರಾಂಶಗಳನ್ನು ಬಳಸಿ, ಯಾವ ಪದ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ಹುಡುಕಬಹುದಾದ ಭಂಡಾರವನ್ನು ಕಟ್ಟಿತು. ಮುಕ್ತ ತಂತ್ರಾಂಶವೆಂದರೆ, ಕಂಪ್ಯೂಟರಿಗೆ ಕೊಡುವ ಆದೇಶಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ತಿದ್ದಿದ್ದನ್ನು ಹಂಚಲು ಪರವಾನಗಿ ಇರುವ ತಂತ್ರಾಂಶ. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇದರ ಪ್ರಸಿದ್ಧ ಉದಾಹರಣೆ. ಇಂತಹ ಯೋಜನೆಗಳು ಬೆಳೆದಂತೆ ಅವುಗಳಿಗೆ ಹಣಕಾಸು, ಹೆಸರಿನ ರಕ್ಷಣೆ, ನಿರ್ಧಾರದ ಕ್ರಮ ಬೇಕಾಗುತ್ತವೆ. 1995ರಲ್ಲಿ ಕೆಲವರು ಕೂಡಿ ತಿದ್ದತೊಡಗಿದ ಅಪಾಚೆ ಸರ್ವರ್ ತಂತ್ರಾಂಶವು 1999ರಲ್ಲಿ ಪ್ರತಿಷ್ಠಾನವಾದದ್ದು ಇದೇ ಕಾರಣದಿಂದ. ಸಂಚಯ ತಂಡದ ಕೆಲಸವೂ ವಚನಗಳಿಂದ ಆಚೆಗೆ ಹಬ್ಬಿ, ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡುವ, ಜಾನಪದ ಕಲೆಗಳನ್ನು ದಾಖಲಿಸುವ ಸಂಚಿ ಪ್ರತಿಷ್ಠಾನದವರೆಗೆ ಬೆಳೆಯಿತು. ಕಗ್ಗೆರೆಯ ತೋಟದಿಂದ ಸಮಯಗಳವರೆಗೆ ವಿರಕ್ತರ ಬಳಗ ನಡೆದ ಹಾದಿಗೂ ಇದಕ್ಕೂ ಕಾಲ, ಉದ್ದೇಶ, ಸಾಧನಗಳಲ್ಲಿ ಅಪಾರ ಅಂತರವಿದೆ. ಆದರೆ ಎರಡೂ ಕಡೆ ಮೊದಲು ಬಂದದ್ದು ಪಠ್ಯ, ಅದನ್ನು ಕಾಪಾಡುವವರ ಕೂಟ ಅದರ ನಂತರ ಬಂತು, ಸಂಸ್ಥೆ ಕೊನೆಗೆ ಹುಟ್ಟಿತು.

ವಚನ ಸಂಚಯದಲ್ಲಿ ಲಕ್ಕಮ್ಮನ ಒಂದು ವಚನವನ್ನು ಹುಡುಕಿದರೆ ಅದು ಆಕೆಯ ಇತರ ವಚನಗಳ ಸಾಲಿನಲ್ಲಿ ಸಿಗುತ್ತದೆ. ಅದೇ ವಚನ ಗೂಳೂರು ಸಿದ್ಧವೀರಣ್ಣೊಡೆಯರ ಸಂಪಾದನೆಯಲ್ಲಿ ಮಾರಯ್ಯನ ಮಾತಿಗೆ ಎದುರುತ್ತರವಾಗಿ ನಿಂತಿದೆ. ಒಂದು ಜೋಡಣೆ ಆಕೆ ಏನು ಹೇಳಿದಳೆಂಬುದನ್ನು ಪೂರ್ಣವಾಗಿ ಕೊಡುತ್ತದೆ, ಇನ್ನೊಂದು ಆಕೆ ಯಾರಿಗೆ, ಯಾವಾಗ ಹೇಳಿದಳೆಂದು ಈ ಸೀಮೆಯ ಓದುಗರು ನಾಲ್ಕು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಂಬಿದ್ದರೆಂಬುದನ್ನು ಕೊಡುತ್ತದೆ. ವಚನವನ್ನು ಅರಿಯಬಯಸುವವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.